ಸುಡುವ ಮುಂಚೆ ಒಂದು ಸುತ್ತು

ಕಳೆದ ವಾರ ಮೂರು ರಾತ್ರಿ ನಾನು ಒಂದು ವಿಡಿಯೋ ಗೇಮಿನೊಳಗಿನ ಲಿಂಡ್‌ಬ್ಲಮ್ ಅನ್ನುವ ಊರಿನಲ್ಲೇ ಉಳಿದೆ. ಅರಮನೆಗೆ ಹೋಗಿ ರಾಜಕುಮಾರಿಯನ್ನು ಕಂಡರೆ ಕಥೆ ಮುಂದಕ್ಕೆ ಹೋಗುತ್ತದೆ. ಹೋಗಲಿಲ್ಲ. ಏರ್ ಕ್ಯಾಬ್ ಹತ್ತಿ ಥಿಯೇಟರ್ ಬಡಾವಣೆಗೆ ಹೋದೆ. ಅಲ್ಲಿಂದ ಅಂಗಡಿ ಬೀದಿಗೆ ಬಂದೆ. ಉಪ್ಪಿನಕಾಯಿ ಮಾರುವ ಅಜ್ಜಿಯನ್ನು ಎರಡೆರಡು ಸಲ ಮಾತಾಡಿಸಿದೆ. ಆಮೇಲೆ ಕಾರ್ಖಾನೆಗಳ ಬಡಾವಣೆಗೆ ಹೋಗಿ ಸುಮ್ನೆ ಸುತ್ತಾಡಿದೆ. ಅಲ್ಲಿ ಮಾಡೋಕೆ ಹೆಚ್ಚೇನೂ ಇಲ್ಲ. ಆದರೆ ಇನ್ನು ಹತ್ತು ಹನ್ನೆರಡು ಗಂಟೆ ಆಟದಲ್ಲಿ ಆ ಬಡಾವಣೆ ಇರುವುದಿಲ್ಲ. ಅದು ನನಗೆ ಗೊತ್ತು, ಅಲ್ಲಿನ ಜನಕ್ಕೆ ಗೊತ್ತಿಲ್ಲ.

ಫೈನಲ್ ಫ್ಯಾಂಟಸಿ 9 ಅನ್ನು ಮತ್ತೆ ಆಡುತ್ತಿದ್ದೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, 2000ದ ಜುಲೈನಲ್ಲಿ ಜಪಾನಿನಲ್ಲಿ ಬಂದ ಆಟ ಇದು. ಮೊದಲ ಪ್ಲೇಸ್ಟೇಷನ್‌ಗೆ ಬಂದ ಕೊನೆಯ ಹೊಸ ಫೈನಲ್ ಫ್ಯಾಂಟಸಿ, ನಾಲ್ಕು ಡಿಸ್ಕ್. ಏಳನೆಯದು, ಎಂಟನೆಯದು ಎಲ್ಲಾ ಕಬ್ಬಿಣ, ಕಾರ್ಖಾನೆ, ಮೋಟಾರ್ ಬೈಕು, ಸೈನಿಕ ಶಾಲೆ ಅಂತ ಹೊರಟಿದ್ದವು. ಇದು ಮಾತ್ರ ಹಿಂದಕ್ಕೆ ತಿರುಗಿ ಕೋಟೆ, ರಾಣಿ, ಕತ್ತಿ, ಚೂಪು ಟೋಪಿಯ ಮಂತ್ರವಾದಿ ಅಂತ ಹಳೇ ದಾರಿ ಹಿಡಿಯಿತು. ಈ ಸರಣಿಯನ್ನು ಹುಟ್ಟುಹಾಕಿದ ಹಿರೊನೊಬು ಸಕಾಗುಚಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ ಅಂತೆ. ನನಗೂ ಅಷ್ಟೇ. ಆದರೆ ನಾನು ಇದನ್ನು ಮುಗಿಸಿಯೇ ಇರಲಿಲ್ಲ.

ಅದರ ಕಥೆ ಬೇರೆ. 2003ರ ಬೇಸಿಗೆ ರಜೆ, ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ದುಬೈನಲ್ಲಿದ್ದ ದೊಡ್ಡಪ್ಪನ ಮಗ ಊರಿಗೆ ಬಂದಾಗ ತನ್ನ ಹಳೇ ಪ್ಲೇಸ್ಟೇಷನ್ ನಮ್ಮ ಮನೆಯಲ್ಲಿ ಬಿಟ್ಟು ಹೋದ. ಡಿಸ್ಕ್‌ಗಳನ್ನು ಬೆಂಗಳೂರಿನ ಒಂದು ಅಂಗಡಿಯಿಂದ ತರಿಸಿದ್ದು. ಅಸಲಿ ಅಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಹೆಸರನ್ನು ಮಾರ್ಕರ್ ಪೆನ್ನಿನಲ್ಲಿ ಬರೆದಿತ್ತು. ಕನ್ನಡ ಮೀಡಿಯಂ ಹುಡುಗ ನಾನು, ಆಟದ ತುಂಬಾ ಇಂಗ್ಲಿಷ್ ಮಾತು. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಆಡಿದೆ. ಮಲೆನಾಡಿನ ಕರೆಂಟು ನಿಮಗೆ ಗೊತ್ತಲ್ಲ. ಈ ಆಟದ ಊರು, ಗುಹೆಗಳೊಳಗೆ ಬೇಕೆಂದಲ್ಲಿ ಸೇವ್ ಮಾಡೋಕಾಗಲ್ಲ. ಮೂಗಲ್ ಅನ್ನುವ ಬಿಳೀ ಮುದ್ದು ಪ್ರಾಣಿ ಸಿಕ್ಕಲ್ಲಿ ಮಾತ್ರ. ಮುಂದಿನ ಮೂಗಲ್ ಸಿಗುವವರೆಗೆ ಕರೆಂಟು ಹೋಗದಿರಲಿ ಅಂತ ಹರಕೆ ಹೊತ್ತುಕೊಂಡು ಆಡಿದ ದಿನಗಳು ಅವು. ಹೇಗೋ ಮೂರು ಡಿಸ್ಕ್ ಮುಗಿಸಿದೆ. ನಾಲ್ಕನೆಯದು ಹಾಕಿದರೆ ಓದಲೇ ಇಲ್ಲ. ಒರೆಸಿದೆ, ಮೆಷಿನ್ ತಲೆಕೆಳಗೆ ಮಾಡಿ ಇಟ್ಟೆ, ಪೇಸ್ಟು ಹಚ್ಚಿ ಉಜ್ಜಿದರೆ ಸರಿಯಾಗುತ್ತೆ ಅಂತ ಯಾರೋ ಹೇಳಿದರು, ಅದನ್ನೂ ಮಾಡಿದೆ. ಉಹೂಂ. ಅಷ್ಟೊತ್ತಿಗೆ ಶಾಲೆ ಶುರುವಾಯಿತು.

ಈಗ ಲ್ಯಾಪ್‌ಟಾಪಿನಲ್ಲಿ ಆಡುತ್ತಿದ್ದೇನೆ, 2016ರಲ್ಲಿ ಕಂಪ್ಯೂಟರ್‌ಗೆ ಬಂದ ಆವೃತ್ತಿ. ದುಡ್ಡು ಕೊಟ್ಟೇ ತಗೊಂಡಿದ್ದು. ಅದರಲ್ಲಿ ಪಾತ್ರಗಳನ್ನು ಹೊಳಪು ಮಾಡಿದ್ದಾರೆ, ಹಿಂದಿನ ಚಿತ್ರಗಳು ಮಾತ್ರ ಮಸುಕಾಗಿಯೇ ಉಳಿದಿವೆ. ಗಾಜಿನ ಗೊಂಬೆಗಳನ್ನು ಹಳೇ ಕ್ಯಾಲೆಂಡರಿನ ಮುಂದೆ ನಿಲ್ಲಿಸಿದ ಹಾಗೆ. ಅಭಿಮಾನಿಗಳೇ ಸೇರಿ ಮೊಗುರಿ ಅನ್ನುವ ಮಾಡ್ (ಆಟಕ್ಕೆ ಹೊರಗಿನಿಂದ ಸೇರಿಸುವ ತಿದ್ದುಪಡಿ) ಮಾಡಿ, ಆ ಚಿತ್ರಗಳನ್ನೆಲ್ಲ ಎಐ ಸಹಾಯದಿಂದ ದೊಡ್ಡದು ಮಾಡಿ, ಕೈಯಾರೆ ತಿದ್ದಿ ಪುಕ್ಕಟೆ ಹಂಚಿದ್ದಾರೆ. ಅದನ್ನು ಹಾಕಿಕೊಂಡ ಮೇಲೆ ಆಟದ ಅಲೆಕ್ಸಾಂಡ್ರಿಯಾ ಊರಿನ ಬೀದಿಯಲ್ಲಿ ಹೆಂಚು ಹೆಂಚೂ ಎಣಿಸಬಹುದು. ಆಟವನ್ನು ದಡದಡ ಓಡಿಸುವ ಬಟನ್ ಕೂಡ ಕೊಟ್ಟಿದ್ದಾರೆ. ಕಾಳಗಗಳಲ್ಲಿ ಅದು ದೇವರು ಕೊಟ್ಟ ವರ. ಹಳೇದರಲ್ಲಿ ಒಂದೊಂದು ಕಾಳಗ ಶುರುವಾಗುವ ಮುಂಚೆ ಕ್ಯಾಮೆರಾ ಸುತ್ತಿ ಸುತ್ತಿ ಬರುವಷ್ಟರಲ್ಲಿ ಅಮ್ಮ ಊಟಕ್ಕೆ ಎರಡು ಸಲ ಕರೆದಿರುತ್ತಿದ್ದರು. ಊರುಗಳಲ್ಲಿ ಮಾತ್ರ ಆ ಬಟನ್ ಮುಟ್ಟುವುದಿಲ್ಲ.

ಯಾಕೆ ಅಂದರೆ, ಈ ಆಟ ತನ್ನ ಊರುಗಳನ್ನು ಒಂದೊಂದಾಗಿ ಹಾಳು ಮಾಡುತ್ತದೆ. ಮೊದಲ ಡಿಸ್ಕ್ ಪೂರ್ತಿ ಊರುಗಳನ್ನು ಪರಿಚಯ ಮಾಡಿಸುತ್ತದೆ. ನಾವು ಬರ್ಮೀಸಿಯಾ ಮುಟ್ಟುವ ಹೊತ್ತಿಗೆ ಅದು ಆಗಲೇ ಹೆಣಗಳ ಊರು. ಗಾಳಿ ಮರಳಿನ ಕೋಟೆಯೊಳಗೆ, ಮರದ ಮೇಲೆ ಬದುಕುವ ಕ್ಲೇರಾ ಅನ್ನುವ ಊರು ಕಣ್ಣೆದುರೇ ಹೋಗುತ್ತದೆ. ಆಮೇಲೆ ಲಿಂಡ್‌ಬ್ಲಮ್. ಆಮೇಲೆ, ಎಲ್ಲಿಂದ ಕಥೆ ಶುರುವಾಯಿತೋ ಆ ಅಲೆಕ್ಸಾಂಡ್ರಿಯಾ. ಮೊದಲ ಸಲ ಆಡುವಾಗ ಇದು ಗೊತ್ತಿರುವುದಿಲ್ಲ. ಹದಿಮೂರು ವರ್ಷದ ನಾನು ಅಂಗಡಿಗೆ ನುಗ್ಗಿ, ಒಳ್ಳೇ ಕತ್ತಿ ಕೊಂಡು, ಪೆಟ್ಟಿಗೆಗಳನ್ನು ತೆರೆದು, ಓಡಿದ್ದೇ ಓಡಿದ್ದು. ಜನರ ಮಾತು ಬಂದರೆ ಬಟನ್ ಒತ್ತಿ ಒತ್ತಿ ದಾಟಿಸುತ್ತಿದ್ದೆ. ಡಿಕ್ಷನರಿ ನೋಡೋದು ಬೇಜಾರಾದಾಗಲಂತೂ ಕೇಳುವುದೇ ಬೇಡ. ಲಿಂಡ್‌ಬ್ಲಮ್ ಬಿದ್ದಾಗ ನನಗೆ ಅನಿಸಿದ್ದು ಇಷ್ಟೇ: ಅಯ್ಯೋ, ಆ ಅಂಗಡಿ ಹೋಯಿತಾ?

ಈ ಸಲ ಬೇರೆ ಥರ. ಈ ಸಲ ನಾನು ನೆಂಟರ ಮನೆಗೆ ಕೊನೇ ಸಲ ಹೋದವನ ಹಾಗೆ ಆಡುತ್ತಿದ್ದೇನೆ.

ಹಾಗೆ ನೋಡುತ್ತಾ ಹೋದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಇಲ್ಲಿನ ಜನ ನಾಯಕ ಬರುತ್ತಾನೆ ಅಂತ ಕಾದು ನಿಂತಿಲ್ಲ. ಅವರವರ ಕೆಲಸ ಅವರವರಿಗೆ. ಊರಲ್ಲಿ ಓಡಾಡುತ್ತಿರುವಾಗ ಪರದೆಯ ಮೂಲೆಯಲ್ಲಿ ಒಂದು ಸೂಚನೆ ಬರುತ್ತದೆ. ಸೆಲೆಕ್ಟ್ ಬಟನ್ ಒತ್ತಿದರೆ ಆ ಹೊತ್ತಿನಲ್ಲಿ ಬೇರೆಯವರು ಬೇರೆ ಕಡೆ ಏನು ಮಾಡುತ್ತಿದ್ದಾರೆ ಅಂತ ಒಂದು ಪುಟ್ಟ ದೃಶ್ಯ. ಆಕ್ಟಿವ್ ಟೈಮ್ ಈವೆಂಟ್ ಅಂತ ಅದರ ಹೆಸರು. ಒತ್ತದಿದ್ದರೆ ಏನೂ ನಷ್ಟ ಇಲ್ಲ. ಬಹುಪಾಲು ಕಥೆಗೆ ಬೇಕಾದದ್ದೂ ಅಲ್ಲ. ಒಬ್ಬರು ತಿಂಡಿ ಹುಡುಕುತ್ತಿರುತ್ತಾರೆ, ಒಬ್ಬರು ದಾರಿ ತಪ್ಪಿರುತ್ತಾರೆ.

ದಾಲಿ ಅನ್ನುವ ಹಳ್ಳಿಯಲ್ಲಿ ಬರುವುದು ನನಗೆ ಬಹಳ ಇಷ್ಟ. ರಾಜಕುಮಾರಿ ಗಾರ್ನೆಟ್ ಅರಮನೆ ಬಿಟ್ಟು ಓಡಿ ಬಂದಿದ್ದಾಳೆ. ಒಂದು ಚಾಕು ನೋಡಿ ಡ್ಯಾಗರ್ ಅಂತ ಹೊಸ ಹೆಸರು ಇಟ್ಟುಕೊಂಡಿದ್ದಾಳೆ. ಹೆಸರು ಬದಲಾಯಿತು, ಮಾತು ಬದಲಾಗಲಿಲ್ಲ. ಬಾಯಿ ತೆಗೆದರೆ ಅರಮನೆ. ಮಾತು ಸ್ವಲ್ಪ ಸಡಿಲ ಮಾಡು ಅಂತ ನಾಯಕ ಜಿಡೇನ್ ಹೇಳಿಕೊಡುತ್ತಾನೆ. ಅವಳು ಹಳ್ಳಿಯ ಅಂಗಡಿಗೆ ಹೋಗಿ ಅಭ್ಯಾಸ ಮಾಡುತ್ತಾಳೆ. ಪುಸ್ತಕದ ಕನ್ನಡ ಮಾತ್ರ ಬರುವ ಹುಡುಗಿ ಕಿರಾಣಿ ಅಂಗಡಿಯಲ್ಲಿ ನಿಂತು "ಒಂದು ಕಿಲೋ ಸಕ್ಕರೆಯನ್ನು ದಯಪಾಲಿಸುವಿರಾ" ಅಂದು, ಅಂಗಡಿಯವನು ಮುಖ ನೋಡಿದಾಗ ಗಾಬರಿಯಾಗಿ "ಸಕ್ರೆ ಕೊಡ್ರೀ" ಅಂತ ತಿದ್ದಿಕೊಂಡ ಹಾಗೆ. 2003ರಲ್ಲಿ ಇದರ ತಮಾಷೆ ನನಗೆ ಗೊತ್ತಾಗಿರಲೇ ಇಲ್ಲ. ಆಗ ನನ್ನ ಇಂಗ್ಲಿಷೂ ಅವಳದ್ದರ ಹಾಗೇ ಇತ್ತು, ಬರೀ ಡಿಕ್ಷನರಿಯದ್ದು. ಆಮೇಲೆ ಬೆಂಗಳೂರಿಗೆ ಕೆಲಸಕ್ಕೆ ಬಂದು, ಆಫೀಸಿನ ಕ್ಯಾಂಟೀನಿನಲ್ಲಿ ಮಾತಾಡೋಕೆ ಮುಂಚೆ ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡ ಮೇಲೆ ಈ ದೃಶ್ಯ ನೋಡಿದರೆ ನಗುವೂ ಬರುತ್ತದೆ, ಜೊತೆಗೆ ಇನ್ನೇನೋ.

ಅದೇ ದಾಲಿಯಲ್ಲಿ ಇನ್ನೊಂದಿದೆ. ನೋಡೋಕೆ ಗಾಳಿಗಿರಣಿಯ ಚೆಂದದ ಹಳ್ಳಿ. ಆದರೆ ಊರಲ್ಲಿ ದೊಡ್ಡವರೇ ಅಪರೂಪ, ಮಕ್ಕಳು ಕೆಲಸ ಮಾಡುತ್ತಿವೆ. ಮೊದಲ ಸಲ ಇದನ್ನು ಗಮನಿಸಿಯೂ ಇರಲಿಲ್ಲ. ಮಕ್ಕಳ ಆಟ, ಮಕ್ಕಳಿದ್ದಾರೆ, ಅಷ್ಟೇ ಅಂದುಕೊಂಡಿದ್ದೆ. ದೊಡ್ಡವರಲ್ಲಿ ಹೆಚ್ಚಿನವರು ನೆಲದ ಕೆಳಗಿದ್ದಾರೆ. ಅಲ್ಲೊಂದು ಕಾರ್ಖಾನೆ. ಮಿಸ್ಟ್ ಅನ್ನುವ ಮಂಜಿನಿಂದ ಮೊಟ್ಟೆ, ಮೊಟ್ಟೆಯಿಂದ ಗೊಂಬೆ. ಗೊಂಬೆಗಳನ್ನು ಪೀಪಾಯಿಗೆ ತುಂಬಿ ಹಡಗಿಗೆ ಏರಿಸುತ್ತಾರೆ, ರಾಣಿಯ ಯುದ್ಧಕ್ಕೆ. ಆ ಗೊಂಬೆಗಳು ನೋಡೋಕೆ ಥೇಟ್ ವಿವಿಯ ಹಾಗೆ.

ವಿವಿ ಬಗ್ಗೆ ಹೇಳಲೇಬೇಕು. ಮುಖ ಕಾಣದ ಕತ್ತಲೆ, ಎರಡು ಹಳದಿ ಕಣ್ಣು, ತಲೆಗಿಂತ ದೊಡ್ಡ ಬಾಗಿದ ಟೋಪಿ, ನಾಲ್ಕು ಹೆಜ್ಜೆಗೊಂದು ಸಲ ಎಡವಿ ಬೀಳುವ ಪುಟ್ಟ ಹುಡುಗ. ಆಟದ ಶುರುವಿನಲ್ಲೇ ಅವನು ನಾಟಕದ ಟಿಕೆಟ್ ಹಿಡಿದುಕೊಂಡು ಅಲೆಕ್ಸಾಂಡ್ರಿಯಾದ ಬೀದಿಗೆ ಬರುತ್ತಾನೆ. ಕೌಂಟರಿನವನು ನೋಡಿ ಇದು ನಕಲಿ ಟಿಕೆಟ್ ಅನ್ನುತ್ತಾನೆ, ಪಾಪ ಅಂತ ಆಡೋಕೆ ಕೆಲವು ಕಾರ್ಡ್ ಕೊಡುತ್ತಾನೆ. ಎರಡನೇ ಸಲ ನೋಡುವಾಗ ಆ ನಕಲಿ ಟಿಕೆಟ್ಟೇ ಎದೆಗೆ ತಾಗುತ್ತದೆ. ತಾನು ಯಾರು ಅಂತ ಗೊತ್ತಿಲ್ಲದ ಹುಡುಗ, ಕೈಯಲ್ಲಿರುವ ಟಿಕೆಟ್ಟೂ ಅಸಲಿ ಅಲ್ಲ. (ನನ್ನ ಮಾರ್ಕರ್ ಪೆನ್ನಿನ ಡಿಸ್ಕ್ ಕೂಡ ನೆನಪಾಯಿತು ಅನ್ನಿ.)

ಮುಂದೆ, ಎರಡನೇ ಡಿಸ್ಕಿನಲ್ಲಿ, ಕಾಡೊಳಗೆ ಒಂದು ಊರು ಸಿಗುತ್ತದೆ. ಯುದ್ಧದ ಗೊಂಬೆಗಳಲ್ಲಿ ಕೆಲವಕ್ಕೆ ಒಂದು ದಿನ ಇದ್ದಕ್ಕಿದ್ದ ಹಾಗೆ ಎಚ್ಚರ ಬಂದು, ಓಡಿ ಬಂದು ಕಟ್ಟಿಕೊಂಡ ಊರು. ಅವರಿಗೆ ಹೆಸರಿಲ್ಲ, ನಂಬರ್ ಇದೆ. ಒಬ್ಬ ಅಂಗಡಿ ಇಟ್ಟಿದ್ದಾನೆ. ಒಬ್ಬ ಚೊಕೊಬೊ ಹಕ್ಕಿಯ ಮೊಟ್ಟೆ ಕಾಯುತ್ತಾನೆ. ಊರಿನ ಹಿಂದೆ ಸಮಾಧಿಗಳಿವೆ. ಅವರಲ್ಲಿ ಹೆಚ್ಚಿನವರು ಹುಟ್ಟಿ ಒಂದು ವರ್ಷ ಆಗುವಷ್ಟರಲ್ಲಿ "ನಿಂತು" ಹೋಗುತ್ತಾರೆ. ಸಾವು ಅಂದರೆ ಏನು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲೊಬ್ಬ, ತನ್ನ ಗೆಳೆಯ ಅಲುಗಾಡುವುದನ್ನು ನಿಲ್ಲಿಸಿದಾಗ ಎಲ್ಲರೂ ಸೇರಿ ಮಣ್ಣಿನಲ್ಲಿ ಹುಗಿದ ಕಥೆ ಹೇಳುತ್ತಾನೆ. ಅವನು ಮಣ್ಣಿಂದ ಎದ್ದು ಬಂದ ಮೇಲೆ ಕೊಳದ ನೀರಿನಲ್ಲಿ ಮೈ ತೊಳೆದು ಕೊಡಬೇಕು ಅಂತ ಕಾಯುತ್ತಿದ್ದಾನೆ.

ಇಷ್ಟೇ. ಹಿನ್ನೆಲೆಯಲ್ಲಿ ಪಿಟೀಲು ಅಳುವುದಿಲ್ಲ, ಯಾರೂ ಭಾಷಣ ಮಾಡುವುದಿಲ್ಲ. ಮಾತಿನ ಡಬ್ಬಿ ಮುಚ್ಚುತ್ತದೆ. ಮತ್ತೆ ಬಟನ್ ಒತ್ತಿದರೆ ಅದೇ ಮಾತು ಮತ್ತೆ ಹೇಳುತ್ತಾನೆ. ಆಗ, 2003ರಲ್ಲಿ, ನಾನು ನಾಲ್ಕು ಸಲ ಒತ್ತಿದ್ದೆ.

ಸಂಗೀತದ ಬಗ್ಗೆ ಎರಡು ಮಾತು. ನೊಬುವೊ ಉಎಮಾತ್ಸು ಇದಕ್ಕಾಗಿ ಸುಮಾರು 160 ಟ್ಯೂನ್ ಮಾಡಿದರಂತೆ, ಆಟದಲ್ಲಿ ಉಳಿದದ್ದು 140ರಷ್ಟು. ಹಳೇ ಕೋಟೆಗಳನ್ನು ನೋಡಿ ಬರೋಣ ಅಂತ ಯುರೋಪಿಗೂ ಹೋಗಿ ಬಂದಿದ್ದರು. ಆಟ ತೆರೆದಾಗ ಕೇಳುವ ರೆಕಾರ್ಡರಿನ ದನಿ, ಅದೇ ಯುರೋಪಿನ ನೆಟ್ಟಗೆ ಹಿಡಿದು ಊದುವ ಕೊಳಲು, ಆ ಪ್ರವಾಸದ ಬಳುವಳಿ ಇರಬೇಕು. ಮೊದಲ ಎರಡು ಸ್ವರಕ್ಕೇ ನನಗೆ ನಮ್ಮನೆ ಜಗಲಿ, ಒನಿಡಾ ಟಿವಿ, ಹಲಸಿನ ಹಪ್ಪಳದ ವಾಸನೆ ಎಲ್ಲಾ ಬಂತು. ಇದು ಆಟದ ಗುಣವೋ ನನ್ನ ವಯಸ್ಸೋ ಹೇಳೋಕಾಗಲ್ಲ.

ಬರ್ಮೀಸಿಯಾದ ಬಗ್ಗೆ ಮಾತ್ರ ಮಲೆನಾಡಿನವನಾಗಿ ನನಗೊಂದು ತಕರಾರಿದೆ. ಅದು ಯಾವಾಗಲೂ ಮಳೆ ಸುರಿಯುವ ಊರು, ಇಲಿ ಮುಖದ ಯೋಧರ ರಾಜ್ಯ. ನೀಲಿ ಕಲ್ಲು, ನಿಲ್ಲದ ನೀರು, ಬಹಳ ಚೆಂದ. ಆದರೆ ಊರಿಗೆ ಊರೇ ಹುಡುಕಿದರೂ ಒಂದು ಕೊಡೆ ಇಲ್ಲ, ಗೊರಬು ಇಲ್ಲ, ಬಟ್ಟೆ ಒಣಗಿಸೋಕೆ ಒಂದು ಹೊಗೆ ಅಟ್ಟ ಇಲ್ಲ. ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಒಬ್ಬರೂ ಜಾರುವುದಿಲ್ಲ. ಚಿತ್ರ ಬರೆದವರು ಮಳೆಯನ್ನು ಕಿಟಕಿಯಿಂದ ನೋಡಿದವರು, ಅನುಮಾನವೇ ಇಲ್ಲ. ಆಟದ ಕೆಲಸದ ದೊಡ್ಡ ಪಾಲು ನಡೆದದ್ದು ಹವಾಯಿಯ ಹೊನೊಲುಲುವಿನಲ್ಲಂತೆ. ಸಮುದ್ರ, ಬಿಸಿಲು. ಅದಕ್ಕೇ ಇರಬಹುದು.

ಲಿಂಡ್‌ಬ್ಲಮ್‌ನಲ್ಲಿ ಇಂಥ ಕೊರತೆ ಕಾಣಿಸಲಿಲ್ಲ. ಆ ಊರಿನ ವಿಮಾನ, ಕಾರ್ಖಾನೆ ಎಲ್ಲಾ ಓಡುವುದು ಮಿಸ್ಟ್‌ನಿಂದ. ಮಿಸ್ಟ್ ಇರುವ ಖಂಡ ದಾಟಿದರೆ ವಿಮಾನ ಹಾರಲ್ಲ. ಅದಕ್ಕೇ ಅವರಿಗೆ ಆಚೆಯ ಲೋಕ ಗೊತ್ತಿಲ್ಲ. ಆ ಮಂಜು ಏನು ಅಂತ ಆಮೇಲೆ ತಿಳಿಯುತ್ತದೆ. ಸತ್ತವರ ಆತ್ಮಗಳನ್ನು ಸೋಸಿದಾಗ ಉಳಿಯುವ ಕಸ. ಅದನ್ನೇ ಉರಿಸಿ ಊರು ಬೆಳೆದಿದೆ. ದೊರೆ ಸಿಡ್ ಮಿಸ್ಟ್ ಬೇಡದ ಹೊಸ ವಿಮಾನ ಕಟ್ಟಿದ್ದ. ಆದರೆ ಪರಹೆಂಗಸರ ಹಿಂದೆ ಬಿದ್ದದ್ದಕ್ಕೆ ಹೆಂಡತಿ ಹಿಲ್ಡಾ ಅವನನ್ನು ಹುಳ ಮಾಡಿ, ವಿಮಾನ ತಗೊಂಡು ಹೊರಟೇ ಹೋದಳು. ಹುಳದ ತಲೆಯಲ್ಲಿ ಲೆಕ್ಕ ಹತ್ತದೆ ಅವನ ಎರಡನೇ ವಿಮಾನ ಕೆಟ್ಟಿತು. ಒಂದು ಸಂಸಾರದ ಜಗಳ ಒಂದು ರಾಜ್ಯದ ತಂತ್ರಜ್ಞಾನವನ್ನೇ ನಿಲ್ಲಿಸಿದೆ. ಇದನ್ನು ಆಟ ಎಷ್ಟು ಸಹಜವಾಗಿ ಹೇಳುತ್ತದೆ ಅಂದರೆ, ನಮ್ಮೂರ ಕಟ್ಟೆಯ ಮೇಲೆ ಕೂತು ಕೇಳಿದ ಹಾಗಿರುತ್ತದೆ.

ಆ ಉಪ್ಪಿನಕಾಯಿ ಕೂಡ ಸುಮ್ನೆ ಇಟ್ಟದ್ದಲ್ಲ. ಲಿಂಡ್‌ಬ್ಲಮ್‌ನಿಂದ ಕದ್ದು ಹೊರಟ ಡ್ಯಾಗರ್‌ಳನ್ನು ಅವಳ ಅರಮನೆಯ ನಿಷ್ಠಾವಂತ ಕ್ಯಾಪ್ಟನ್ ಸ್ಟೈನರ್ ಸೌತ್ ಗೇಟ್ ದಾಟಿಸುವುದು ಉಪ್ಪಿನಕಾಯಿ ಚೀಲದಲ್ಲಿ ಬಚ್ಚಿಟ್ಟು. ಕಾವಲಿನವರಿಗೆ ಅನುಮಾನ, ಆದರೆ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕು. ರಾಜಕುಮಾರಿ ಒಳಗೆ ಉಸಿರು ಬಿಗಿ ಹಿಡಿದು ಕೂತಿದ್ದಾಳೆ. ಇದೇ ಸ್ಟೈನರ್ ಸದಾ ಸಿಡುಕುವ, ಕಬ್ಬಿಣದ ಡಬ್ಬಿಯಂತೆ ಗಡಗಡ ನಡೆಯುವ ಆಸಾಮಿ. ಜಿಡೇನ್‌ನನ್ನು ಕಂಡರೆ ಉರಿಯುತ್ತಾನೆ. ಆದರೆ ಪುಟ್ಟ ವಿವಿಗೆ ಮಾತ್ರ ಬಹುವಚನ. "ವಿವಿಯವರೇ" ಅಂತಲೇ ಕರೆಯುವುದು, ಆಟ ಪೂರ್ತಿ. ಕಾಳಗದಲ್ಲಿ ಸ್ಟೈನರ್‌ನ ಮಂತ್ರದ ಕತ್ತಿ ಏಳುವುದೂ ವಿವಿ ಜೊತೆಯಲ್ಲಿದ್ದರೆ ಮಾತ್ರ. ತಾನು ಗೊಂಬೆಯೋ ಮನುಷ್ಯನೋ ಅಂತ ಒದ್ದಾಡುವ ಹುಡುಗನಿಗೆ ಒಬ್ಬ ಕ್ಯಾಪ್ಟನ್ ಏನೂ ಕೇಳದೆ ಗೌರವ ಕೊಟ್ಟುಬಿಡುತ್ತಾನೆ.

ಬೈಯಬೇಕಾದದ್ದೂ ಇದೆ. ಮೂರನೇ ಡಿಸ್ಕಿನ ಕೊನೆಯಲ್ಲಿ ಇನ್ನೊಂದು ಲೋಕದ ಕಥೆಯನ್ನು ತಂದು ತುರುಕಿದ್ದಾರೆ, ಬಸ್ಸು ಹೊರಡುವ ಹೊತ್ತಿಗೆ ಗಂಟು ಎಸೆದ ಹಾಗೆ. ಅಮರಂಟ್ ಅನ್ನುವವನು ತಂಡಕ್ಕೆ ಯಾಕೆ ಬಂದ ಅಂತ ಅವನಿಗೇ ಗೊತ್ತಿಲ್ಲ. ಟೆಟ್ರಾ ಮಾಸ್ಟರ್ ಕಾರ್ಡ್ ಆಟದ ನಿಯಮ ಎರಡು ಸಲ ಆಡಿದರೂ ನನಗೆ ಹತ್ತಲಿಲ್ಲ. ಸಿಟ್ಟು ತುಂಬಿದಾಗ ಪಾತ್ರಕ್ಕೆ ಆವೇಶ ಬರುವ ಟ್ರಾನ್ಸ್ ಇದೆಯಲ್ಲ, ಅದು ಬರುವುದು ಯಾವಾಗಲೂ ಒಂದೇ ಏಟಿಗೆ ಸಾಯುವ ಪುಡಿ ಪ್ರಾಣಿಯ ಮುಂದೆ.

ಮತ್ತೆ ಆ 12 ಗಂಟೆಯ ಕತ್ತಿ. ಆಟ ಶುರುವಾಗಿ 12 ಗಂಟೆಯೊಳಗೆ ಕೊನೆಯ ಜಾಗ ಮುಟ್ಟಿದರೆ ಎಕ್ಸ್‌ಕ್ಯಾಲಿಬರ್ 2 ಸಿಗುತ್ತದೆ. ಸ್ಟೈನರ್‌ಗೆ ಅದಕ್ಕಿಂತ ಒಳ್ಳೇ ಕತ್ತಿ ಇಲ್ಲ. ಅದಕ್ಕಾಗಿ ದೃಶ್ಯಗಳನ್ನೆಲ್ಲ ಹಾರಿಸಿ, ಊರುಗಳ ಮಧ್ಯೆ ರೈಲು ಓಡಿಸಿದ ಹಾಗೆ ಓಡುವವರಿದ್ದಾರೆ. ಅವರ ಸಾಹಸಕ್ಕೆ ನನ್ನ ನಮಸ್ಕಾರ. ನನ್ನ ಗಡಿಯಾರ 19 ಗಂಟೆ ತೋರಿಸುತ್ತಿದೆ, ನಾನಿನ್ನೂ ಮೊದಲ ಡಿಸ್ಕಿನ ಭಾಗದಲ್ಲೇ ಇದ್ದೇನೆ.

ಇದೇ ಆಟ ಆತುರ ಇಲ್ಲದವರಿಗೂ ಒಂದು ಬಹುಮಾನ ಬಚ್ಚಿಟ್ಟಿತ್ತು. ಕೊನೆಯ ಡಿಸ್ಕಿನಲ್ಲಿ, ಲೋಕ ಮುಗಿಯುತ್ತಿರುವ ಹೊತ್ತಿನಲ್ಲಿ, ಕೊನೆಯ ಜಾಗದಿಂದ ಮತ್ತೆ ಮತ್ತೆ ವಾಪಸ್ಸು ಬಂದು ಲಿಂಡ್‌ಬ್ಲಮ್‌ನ ಜಿಡೇನ್‌ನ ಹಳೇ ಅಡ್ಡೆಗೆ ಹೋಗುತ್ತಿದ್ದರೆ, ಅವನ ಹಳೇ ಗೆಳೆಯರಾದ ನೀರೋ ಸಹೋದರರು ಕಾಣೆಯಾದ ತಮ್ಮ ಮನೆಯವರನ್ನು ಹುಡುಕುವ ಪುಟ್ಟ ಕಥೆ ನಡೆಯುತ್ತದೆ. ಜಪಾನಿನ ಗೈಡ್ ಪುಸ್ತಕದಲ್ಲಿ ಇದಿತ್ತು. ಇಂಗ್ಲಿಷಿನಲ್ಲಿ ಆಡುವವರಿಗೆ ಇದು ಸರಿಯಾಗಿ ಗೊತ್ತಾದದ್ದು 2013ರಲ್ಲಿ, ಆಟ ಬಂದು 13 ವರ್ಷ ಆದಮೇಲೆ. ಯಾರೂ ಬಾರದಿದ್ದರೂ ಆ ಸಹೋದರರು ಅಲ್ಲಿ ಹುಡುಕುತ್ತಲೇ ಇದ್ದರು ಅಂತಾಯಿತು. ನಾಲ್ಕನೇ ಡಿಸ್ಕ್ ಮುಟ್ಟಿದ ದಿನ ನಾನು ಮೊದಲು ಹೋಗುವುದು ಅಲ್ಲಿಗೇ.

ಆ ದಿನ ಯಾವಾಗ ಬರುತ್ತದೋ. ಶನಿವಾರ ಅಕ್ಕ ಬಂದಿದ್ದಳು, ಜೊತೆಗೆ ಎಂಟು ವರ್ಷದ ಮಗಳು. ಅವಳಿಗೆ ಬೇರೆ ಸ್ಲಾಟಿನಲ್ಲಿ ಹೊಸ ಆಟ ಶುರುಮಾಡಿ ಕೊಟ್ಟೆ. ವಿವಿಯ ಟಿಕೆಟ್ ನಕಲಿ ಆಯಿತು. ಅಲ್ಲೊಂದು ಕಡೆ ಮಕ್ಕಳು ಹಗ್ಗ ತಿರುಗಿಸುತ್ತಿರುತ್ತಾರೆ, ವಿವಿ ಹೋಗಿ ಹಾರಬಹುದು. ಸರಿಯಾದ ಹೊತ್ತಿಗೆ ಬಟನ್ ಒತ್ತುತ್ತಾ ಹೋಗಬೇಕು, ಅಷ್ಟೇ. 20 ಸಲ ಹಾರಿದರೆ ಒಂದು ಕಾರ್ಡ್. ಸಾವಿರ ಸಲ ಹಾರಿ ಹಗ್ಗದಾಟದ ರಾಜ ಆದವರೂ ಲೋಕದಲ್ಲಿದ್ದಾರೆ.

ಹದಿನಾಲ್ಕಕ್ಕೆ ಎಡವಿದಳು. ಆಮೇಲೆ ಒಂಬತ್ತಕ್ಕೆ. ಆಮೇಲೆ ಹದಿನೇಳಕ್ಕೆ. ಹೊರಗೆ ಕತ್ತಲಾಯಿತು, ಅಕ್ಕ ಊಟಕ್ಕೆ ಕರೆದಳು. ನನಗೋ ನಾಟಕದ ಹಡಗು ಬರುವುದನ್ನು ಅವಳಿಗೆ ತೋರಿಸಬೇಕು ಅನ್ನುವ ಆತುರ.

"ಪುಟ್ಟೀ, ಆ ಮೂಲೆ ಕಡೆ ಹೋಗು. ಅಲ್ಲೊಬ್ಬ ಇಲಿ ಹುಡುಗ ಸಿಗ್ತಾನೆ. ಇಬ್ರೂ ಮಾಡಿನ ಮೇಲಿಂದ ಹೋಗಿ ಟಿಕೆಟ್ ಇಲ್ದೇ ನಾಟಕ ನೋಡ್ತಾರೆ."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನಾಟಕ ಇರ್ಲಿ ಮಾಮ. ಈ ಹುಡ್ಗೀರು ಮನೆಗೆ ಹೋಗ್ಬಿಟ್ರೆ?"

ಅವರು ಹೋಗುವುದಿಲ್ಲ, ನೀನು ಕದಲುವವರೆಗೂ ಅಲ್ಲೇ ಹಗ್ಗ ತಿರುಗಿಸುತ್ತಿರುತ್ತಾರೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ತಟ್ಟೆಗಳನ್ನು ಅಲ್ಲಿಗೇ ತಂದೆ. ಹದಿನೆಂಟಕ್ಕೆ ಮತ್ತೆ ಎಡವಿದಳು.